ಸೀಮೆಯ ಊಟವನ್ನು ಕಲಾವಿದರೊಡನೆ ಸೇರಿ ಬಡಿಸುವ ಬಗೆ: ಮಂಡ್ಯ, ಮೈಸೂರಿನ ಅಡುಗೆಯವರಿಗೆ ಸಮಗ್ರ ಮಾರ್ಗದರ್ಶಿ

ಹಾಡುಗಾರರನ್ನೋ ಚಿತ್ರಕಲಾವಿದರನ್ನೋ ಜೊತೆಗೂಡಿಸಿಕೊಂಡು ನಮ್ಮ ಸೀಮೆಯ ಊಟವನ್ನು ಹೊರಗಿನವರಿಗೆ ಬಡಿಸಲು ಹೊರಟ ಅಡುಗೆಯವರು ಹೇಳಿಕೊಳ್ಳುವ ಕಷ್ಟಗಳು ಬಹುಮಟ್ಟಿಗೆ ಒಂದೇ ಬಗೆಯವು. ಕಾರ್ಯಕ್ರಮ ಚೆನ್ನಾಗಿತ್ತು, ಆದರೆ ಮುದ್ದೆ ಎಲೆಗೆ ಬೀಳುವ ಹೊತ್ತಿಗೆ ಗಟ್ಟಿಯಾಗಿತ್ತು. ಮನೆಯಲ್ಲಿ ಹದವಾಗಿ ಬರುತ್ತಿದ್ದ ಸಾರು 50 ಜನಕ್ಕೆ ಮಾಡಿದಾಗ ಉಪ್ಪಾಯಿತು. ಹಾಡಲು ಬಂದ ಹಿರಿಯರು ಹಸಿದುಕೊಂಡೇ ಊರಿಗೆ ಹೋದರು. ಇವೆಲ್ಲಕ್ಕೂ ಮೂಲ ಕೆಲಸದ ಅನುಕ್ರಮ ತಲೆಕೆಳಗಾಗಿರುವುದು. ದಿನಾಂಕ, ಸ್ಥಳ, ಪೋಸ್ಟರು ಮೊದಲು ನಿಗದಿಯಾಗುತ್ತವೆ, ಆಮೇಲೆ ಅಡುಗೆಯ ಪಟ್ಟಿ ಬರುತ್ತದೆ, ಆ ಅಡುಗೆಯನ್ನು ಬಲ್ಲವರನ್ನು ಹುಡುಕುವುದು ಕಟ್ಟಕಡೆಗೆ. ಈ ಮಾರ್ಗದರ್ಶಿ ಅದೇ ಕೆಲಸವನ್ನು ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಉದಾಹರಣೆಗಾಗಿ 50 ಜನರ ಮಧ್ಯಾಹ್ನದ ಮುದ್ದೆ, ಉಪ್ಸಾರಿನ (ಕಾಳು ಸೊಪ್ಪು ಬೇಯಿಸಿ ಬಸಿದ ಸಾರಿನ) ಊಟವನ್ನು ಇಟ್ಟುಕೊಂಡಿದ್ದೇನೆ. ಬೇರೆ ಅಡುಗೆಗೂ ಇದೇ ಕ್ರಮ ಸಲ್ಲುತ್ತದೆ.

ಹಂತ 1: ನಡುವಿಗೆ ಒಂದೇ ಅಡುಗೆಯನ್ನು ಇಟ್ಟುಕೊಳ್ಳಿ

ಮದ್ದೂರು ವಡೆ, ಮೇಲುಕೋಟೆ ಪುಳಿಯೋಗರೆ, ಮೈಸೂರು ಪಾಕ್, ಬನ್ನೂರು ಕುರಿಯ ಸಾರು ಎಲ್ಲವನ್ನೂ ಒಂದೇ ಎಲೆಯ ಮೇಲೆ ತರುವ ಆಸೆಯನ್ನು ಮೊದಲು ಬಿಡಬೇಕು. ಎಲ್ಲವೂ ಬಂದರೆ ಯಾವುದನ್ನೂ ಹದವಾಗಿ ಬಡಿಸಲಾಗುವುದಿಲ್ಲ, ಯಾವುದರ ಬಗ್ಗೆಯೂ ಎರಡು ಮಾತು ಹೇಳಲು ಬಿಡುವಾಗುವುದಿಲ್ಲ. ಒಂದು ಅಡುಗೆ ನಡುವಿಗಿರಲಿ, ಉಳಿದ ಮೂರು ನಾಲ್ಕು ಅದಕ್ಕೆ ಒದಗುವಂಥವಾಗಿರಲಿ.

ಆಯ್ಕೆ ಮಾಡುವಾಗ ರುಚಿಗಿಂತ ಮೊದಲು ನೋಡಬೇಕಾದದ್ದು ಆ ಅಡುಗೆ ಒಲೆಯಿಂದ ಇಳಿದ ಮೇಲೆ ಎಷ್ಟು ಹೊತ್ತು ಹದದಲ್ಲಿರುತ್ತದೆ ಎಂಬುದನ್ನು. ಪುಳಿಯೋಗರೆಯ ಗೊಜ್ಜನ್ನು ಹಿಂದಿನ ದಿನವೇ ಕುದಿಸಿಟ್ಟುಕೊಳ್ಳಬಹುದು, ಕಲಸಿದ ಮೇಲೂ ಅದು ಹದದಲ್ಲೇ ಇರುತ್ತದೆ. ಬಸ್ಸಾರು, ಹುರುಳಿಕಟ್ಟಿನ ಸಾರು ಬಿಸಿ ಮಾಡಿದಷ್ಟೂ ಕೂಡಿಕೊಳ್ಳುತ್ತವೆ. ಮುದ್ದೆ ಅರ್ಧ ಗಂಟೆ ದಾಟಿದರೆ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ. ಮೈಸೂರು ಪಾಕನ್ನು ಕಣ್ಣೆದುರಿಗೇ ಮಾಡಿ ತೋರಿಸಬೇಕೆಂಬ ಆಸೆ ಹಲವರಿಗಿರುತ್ತದೆ. ಆದರೆ ಪಾಕಕ್ಕೆ ಕಾದ ತುಪ್ಪವನ್ನು ಸೌಟುಸೌಟಾಗಿ ಸುರಿಯುತ್ತ, ನೊರೆಯುಕ್ಕಿ ಗೂಡುಗೂಡಾಗುವ ಕ್ಷಣದಲ್ಲೇ ತಟ್ಟೆಗೆ ಇಳಿಸಬೇಕಾದ ಅಡುಗೆಯದು, ಮಾತಾಡುತ್ತ ಮಾಡುವಂಥದ್ದಲ್ಲ. ಕೆಲಸ ಮಾಡುವವರು ಒಬ್ಬರು, ವಿವರಿಸುವವರು ಇನ್ನೊಬ್ಬರು ಇದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಹಂತ 2: ಬಲ್ಲವರ ಕೈಯಿಂದ ಅಳತೆ ಪಡೆಯಿರಿ

ಇದು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಹಂತ, ಎಲ್ಲರೂ ಬೇಗ ಮುಗಿಸುವ ಹಂತವೂ ಇದೇ. ಹಳ್ಳಿಯ ಅಜ್ಜಿಯವರನ್ನು ಕೂರಿಸಿಕೊಂಡು ‘ಉಪ್ಪು ಎಷ್ಟು, ಮೆಣಸಿನಕಾಯಿ ಎಷ್ಟು’ ಎಂದು ಕೇಳಿ ಬರೆದುಕೊಂಡರೆ ಸಿಗುವುದು ‘ಬೇಕಾದಷ್ಟು’ ಎಂಬ ಉತ್ತರ. ಅದು ನಿಜವಾದ ಉತ್ತರವೇ ಹೌದು, ಆದರೆ ನಿಮ್ಮ ಕೆಲಸಕ್ಕೆ ಬಾರದು.

ಬೇಕಾದ ಸಲಕರಣೆ ಇಷ್ಟೇ: ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ನಾಲ್ಕೈದು ಬಟ್ಟಲು, ಗಡಿಯಾರ, ನೋಟ್ ಪುಸ್ತಕ. ಅವರು ಎಂದಿನಂತೆ ಹಿಡಿಯಲ್ಲೋ ಪಾವಿನಲ್ಲೋ ತೆಗೆದುಕೊಳ್ಳಲಿ. ಪಾತ್ರೆಗೆ ಹಾಕುವ ಮುನ್ನ ಅದನ್ನು ಬಟ್ಟಲಿಗೆ ಹಾಕಿಸಿಕೊಂಡು ತೂಗಿ, ಹಾಗೆಯೇ ಅವರ ಕೈಗೆ ಹಿಂದಿರುಗಿಸಿ. ಉಪ್ಪಿನಂಥ ಸಾಮಾನಿಗೆ ಇನ್ನೂ ಸುಲಭದ ದಾರಿಯಿದೆ: ಅಡುಗೆಗೆ ಮೊದಲು ಉಪ್ಪಿನ ಡಬ್ಬಿಯನ್ನು ತೂಗಿಡಿ, ಮುಗಿದ ಮೇಲೆ ಮತ್ತೆ ತೂಗಿ. ಅವರ ಕೈಯ ಓಟಕ್ಕೆ ಅಡ್ಡಿಯಾಗುವುದಿಲ್ಲ.

‘ಎಷ್ಟು’ ಎಂಬುದರ ಬದಲು ‘ಯಾವಾಗ’, ‘ಹೇಗೆ ಗೊತ್ತಾಗುತ್ತದೆ’ ಎಂದು ಕೇಳಿ. ಉಪ್ಸಾರಿಗೆ ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕುವುದು ಏಕೆ, ಸೊಪ್ಪು ಬೆಂದದ್ದು ಬಣ್ಣದಿಂದ ತಿಳಿಯುತ್ತದೆಯೋ ದಂಟನ್ನು ಹಿಸುಕಿದಾಗ ತಿಳಿಯುತ್ತದೆಯೋ, ಕಟ್ಟನ್ನು, ಅಂದರೆ ಕಾಳು ಸೊಪ್ಪು ಬೆಂದ ನೀರನ್ನು, ಯಾವ ಹೊತ್ತಿನಲ್ಲಿ ಬಸಿಯಬೇಕು, ಖಾರಕ್ಕೆ ಮೆಣಸಿನಕಾಯಿಯನ್ನು ಸುಡಬೇಕೋ ಹುರಿಯಬೇಕೋ ಬೇಯಿಸಬೇಕೋ: ಮನೆಯಿಂದ ಮನೆಗೆ ಬೇರೆಯಾಗುವುದು ಇಂಥ ಕಡೆಯಲ್ಲೇ. ಮೊದಲ ಸಲ ಅವರು ಮಾಡುವುದನ್ನು ನೋಡಿ. ಎರಡನೆಯ ಸಲ ನೀವು ಮಾಡಿ, ಅವರು ಪಕ್ಕದಲ್ಲಿ ಕೂತು ತಿದ್ದಲಿ. ಈ ಎರಡನೆಯ ಸಲವನ್ನು ಬಿಟ್ಟವರ ಅಡುಗೆ ಪುಸ್ತಕದ ಅಡುಗೆಯಾಗಿಯೇ ಉಳಿಯುತ್ತದೆ.

ಅನುಮತಿಯನ್ನೂ ಈ ಹಂತದಲ್ಲೇ ಪಡೆಯಬೇಕು. ಹೆಸರು ಹೇಳಬಹುದೇ, ಫೋಟೊ ಹಾಕಬಹುದೇ, ದುಡ್ಡಿಗೆ ಬಡಿಸುವುದಕ್ಕೆ ಮನೆಯವರ ಒಪ್ಪಿಗೆ ಇದೆಯೇ ಎಂದು ಸ್ಪಷ್ಟವಾಗಿ ಕೇಳಿ. ಹರಕೆಗೆ, ತಿಥಿಗೆ, ದೇವರ ಎಡೆಗೆಂದೇ ಮಾಡುವ ಕೆಲವು ಅಡುಗೆಗಳನ್ನು ಟಿಕೆಟ್ಟಿನ ಊಟಕ್ಕೆ ತರುವುದು ಅವರಿಗೆ ಹಿಡಿಸದಿರಬಹುದು. ಕೇಳಿದಾಗ ಹಿರಿಯರು ಮಾತು ತೇಲಿಸಿದರೆ ಅದನ್ನು ‘ಬೇಡ’ ಎಂದೇ ತಿಳಿದು ಬೇರೆ ಅಡುಗೆಗೆ ಹೋಗಿ.

ಹಂತ 3: ಸಾಮಾನು ಕೈಗೆ ಬಂದ ಮೇಲೆ ದಿನ ಗೊತ್ತುಮಾಡಿ

ಸೊಗಡಿನ ಅವರೆಕಾಯಿ ಬರುವುದು ಚಳಿಗಾಲದಲ್ಲಿ. ಹಿತಕಿದ ಅವರೆಬೇಳೆ ಸಾರಿಗೆ ಏಪ್ರಿಲ್‌ನಲ್ಲಿ ದಿನ ಗೊತ್ತುಮಾಡಿದರೆ ಕಾಳು ಸಿಕ್ಕರೂ ಸೊಗಡು ಸಿಗುವುದಿಲ್ಲ. ನಂಜನಗೂಡು ರಸಬಾಳೆ ಸೊರಗು ರೋಗದಿಂದ ಬಹಳ ಕಡಿಮೆಯಾಗಿರುವುದರಿಂದ, ಬೆಳೆಗಾರರು ಗೊನೆಯನ್ನು ಒಪ್ಪಿಸುತ್ತೇನೆಂದು ಹೇಳುವವರೆಗೂ ಅದರ ಹೆಸರನ್ನು ಅಚ್ಚು ಹಾಕಿಸಬೇಡಿ. ಬನ್ನೂರು ಕುರಿಯೂ ಹಾಗೆಯೇ. ಸಾಕಿದವರಿಂದ ನೇರವಾಗಿ ಕೊಂಡಿದ್ದರೆ ಮಾತ್ರ ಆ ಹೆಸರು ಬಳಸಿ, ಇಲ್ಲವಾದರೆ ‘ಕುರಿ ಸಾರು’ ಎಂದರೆ ಸಾಕು.

ರಾಜಮುಡಿ, ರತ್ನಚೂಡಿಯಂಥ ನಾಟಿ ಅಕ್ಕಿಯನ್ನು ಬಳಸುವವರು ಅದೇ ಮೂಟೆಯ ಅಕ್ಕಿಯಲ್ಲಿ ಮೊದಲೇ ಬೇಯಿಸಿ ನೋಡಬೇಕು. ತೌಡು ಪೂರ್ತಿ ತೆಗೆಯದ ರಾಜಮುಡಿ ಸೋನಾ ಮಸೂರಿಗಿಂತ ಹೆಚ್ಚು ನೀರು ಕುಡಿಯುತ್ತದೆ, ನೆನೆಯಲು ಹೆಚ್ಚು ಹೊತ್ತು ಬೇಡುತ್ತದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರಂತೆ ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದ ರೈತರು ನಮ್ಮಲ್ಲೇ ಇದ್ದಾರೆ. ಇಂಥ ಬೆಳೆಗಾರರಲ್ಲಿ ಒಬ್ಬರನ್ನು ಊಟಕ್ಕೇ ಕರೆದು ಆ ಅಕ್ಕಿಯ ಬಗ್ಗೆ ಎರಡು ಮಾತಾಡಿಸಿದರೆ ಅದೇ ಒಂದು ಒಳ್ಳೆಯ ಸಹಯೋಗವಾಗುತ್ತದೆ.

ಬೆಲ್ಲದ ವಿಷಯದಲ್ಲಿ ಕಣ್ಣಿಗಿಂತ ನಾಲಿಗೆಯನ್ನು ನಂಬಿ. ಹಳದಿಯಾಗಿ ಹೊಳೆಯುವ ಮಂಡ್ಯ ಬೆಲ್ಲ ನೋಡಲು ಚೆನ್ನಾಗಿದ್ದರೂ, ಬಣ್ಣ ತಿಳಿಯಾಗಲೆಂದು ಆಲೆಮನೆಯಲ್ಲಿ ರಾಸಾಯನಿಕ ಹಾಕಿರುವ ಸಾಧ್ಯತೆ ಇರುತ್ತದೆ. ಕಂದುಬಣ್ಣದ, ನಾಲಿಗೆಗೆ ಉಪ್ಪುಪ್ಪಾಗಿ ತಾಕದ ಬೆಲ್ಲವನ್ನು ಆರಿಸಿಕೊಳ್ಳಿ.

ಹಂತ 4: ಅಡುಗೆಗೆ ಒಪ್ಪುವ ಜೊತೆಗಾರರನ್ನು ಹುಡುಕಿ

ಕಲೆ ಊಟಕ್ಕೆ ಹಿನ್ನೆಲೆಯಾಗಬಾರದು, ಅಡುಗೆಯೊಡನೆ ಅದಕ್ಕೊಂದು ನಂಟಿರಬೇಕು. ಮುದ್ದೆಯ ಊಟಕ್ಕೆ ರಾಗಿ ಬೀಸುವ ಪದ ಬಲ್ಲ ಹೆಣ್ಣುಮಕ್ಕಳಿಗಿಂತ ಒಳ್ಳೆಯ ಜೊತೆ ನನಗೆ ತೋರುವುದಿಲ್ಲ. ಬೀಸುವ ಕಲ್ಲನ್ನು ನಡುವೆ ಇಟ್ಟು, ಅತಿಥಿಗಳನ್ನು ಸುತ್ತ ಚಾಪೆಯ ಮೇಲೆ ಕೂರಿಸಿದರೆ ಮೈಕು ಬೇಕಿಲ್ಲ. ಕಲ್ಲಿನ ಸದ್ದೇ ಹಾಡಿಗೆ ಶ್ರುತಿ. ಚಿತ್ರಕಲಾವಿದರಾದರೆ ಊಟದ ಪಟ್ಟಿಯನ್ನು ಬರೆಯಲಿ, ಮೈಸೂರಿನ ಗಂಜೀಫಾ ಆಟದ ಇಸ್ಪೀಟೆಲೆಯಂತೆ ದುಂಡನೆಯ ಚೀಟಿಗಳಲ್ಲಿ ಒಂದೊಂದು ಧಾನ್ಯವನ್ನು ಬಿಡಿಸಲಿ. ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ಕಲಿಯುತ್ತಿರುವ ಯುವ ಕಲಾವಿದರನ್ನೂ ಕೇಳಿ ನೋಡಬಹುದು.

ನೀಲಗಾರರು, ಕಂಸಾಳೆಯವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮಂಟೇಸ್ವಾಮಿ, ಮಲೆ ಮಹದೇಶ್ವರರ ಕಾವ್ಯವನ್ನು ಹಾಡುವವರು ದೀಕ್ಷೆ ಪಡೆದ ಭಕ್ತರು. ಯಾವ ಸಾಲನ್ನು ಎಲ್ಲಿ ಹಾಡಬಹುದು, ಎದುರಿಗೆ ಮಾಂಸದಡುಗೆ ಇರಬಹುದೇ, ಜನ ಉಣ್ಣುತ್ತಿರುವಾಗ ಹಾಡುವುದು ಸರಿಯೇ ಎಂಬುದನ್ನು ಅವರೇ ಹೇಳಬೇಕು, ನೀವು ಊಹಿಸಬಾರದು. ‘ಹತ್ತು ನಿಮಿಷಕ್ಕೆ ಕತ್ತರಿಸಿ ಹಾಡಿ’ ಎಂದು ಕೇಳುವುದಕ್ಕಿಂತ, ಹತ್ತು ನಿಮಿಷದಲ್ಲಿ ಮುಗಿಯುವ ಭಾಗ ಯಾವುದಿದೆ ಎಂದು ಕೇಳುವುದು ಮೇಲು.

ಒಪ್ಪಂದವನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ: ಸಂಭಾವನೆ ಎಷ್ಟು, ಅರ್ಧ ಮುಂಗಡ ಯಾವ ದಿನ, ಹೋಗಿಬರುವ ವಾಹನ ಯಾರದು, ಅವರ ಊಟ ಎಷ್ಟು ಹೊತ್ತಿಗೆ, ವಿಡಿಯೊ ತೆಗೆದರೆ ಎಲ್ಲಿ ಬಳಸಲಾಗುತ್ತದೆ, ಬಿಡಿಸಿದ ಚಿತ್ರದ ಹಕ್ಕು ಯಾರಿಗೆ. ಓದು ಬಾರದ ಹಿರಿಯರಿಗೆ ಇದನ್ನು ಮನೆಯವರ ಮುಂದೆ ಓದಿ ಹೇಳಿ. ಸಂಭಾವನೆಯ ಬದಲಿಗೆ ಪ್ರಚಾರ ಸಿಗುತ್ತದೆಂಬ ಮಾತನ್ನು ಯಾವ ಕಲಾವಿದರಿಗೂ ಹೇಳಬೇಡಿ. ಇದು ನನಗೆ ತೀರ ಮುಖ್ಯವೆನಿಸುವ ಸಂಗತಿ. ಅಡುಗೆಯವರಾದ ನಮಗೂ ಅದೇ ಮಾತನ್ನು ಹೇಳುವವರಿದ್ದಾರೆ, ಅದು ಹೇಗೆ ಚುಚ್ಚುತ್ತದೆಂದು ನಮಗೆ ಗೊತ್ತು.

ಕುಂಬಾರರೊಡನೆ ಕೆಲಸ ಮಾಡುವಾಗ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಹೊಸ ಮಡಕೆಯನ್ನು ಪಳಗಿಸದೆ ಒಲೆಗಿಟ್ಟರೆ ಸೀಳುತ್ತದೆ, ಸಾರಿಗೆ ಮಣ್ಣಿನ ವಾಸನೆ ಹಿಡಿಯುತ್ತದೆ. ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಅಕ್ಕಿ ತೊಳೆದ ನೀರನ್ನು ಅದರಲ್ಲಿ ಸಣ್ಣ ಉರಿಯಲ್ಲಿ ಕುದಿಸಿ ಚೆಲ್ಲಿ, ಮತ್ತೊಮ್ಮೆ ಹಾಗೆಯೇ ಮಾಡಿದ ಮೇಲೆ ಅಡುಗೆಗೆ ತೆಗೆದುಕೊಳ್ಳಿ. ಇನ್ನೊಂದು, ಬಣ್ಣ ಬಳಿದ ತಟ್ಟೆ ಬಟ್ಟಲುಗಳಲ್ಲಿ ಊಟ ಬಡಿಸುವುದು. ಅಲಂಕಾರದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅವುಗಳಿಗೆ ಅನ್ನ ತಾಕಬಾರದು. ಕಲಾವಿದರ ತಟ್ಟೆ ಬಳಸಲೇಬೇಕೆಂದಿದ್ದರೆ ಅದರ ಮೇಲೆ ಬಾಳೆಎಲೆಯನ್ನೋ ಮುತ್ತುಗದೆಲೆಯನ್ನೋ ಹಾಸಿ ಬಡಿಸಿ.

ಹಂತ 5: 50 ಜನಕ್ಕೆ ಹಿಗ್ಗಿಸಿ ಒಮ್ಮೆ ಅಡುಗೆ ಮಾಡಿ ನೋಡಿ

ಐದು ಜನರ ಅಳತೆಯನ್ನು ಹತ್ತರಿಂದ ಗುಣಿಸಿದರೆ 50 ಜನರ ಅಡುಗೆಯಾಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಇಂಗುವ ಪ್ರಮಾಣ ಕಡಿಮೆ, ಹಾಗಾಗಿ ಗುಣಿಸಿದಷ್ಟೂ ನೀರು ಹಾಕಿದರೆ ಸಾರು ತೆಳುವಾಗುತ್ತದೆ. ಉಪ್ಪು, ಹುಣಸೆ, ಮೆಣಸಿನಕಾಯಿಯನ್ನು ಗುಣಿಸಿ ಬಂದ ಲೆಕ್ಕದ ಮುಕ್ಕಾಲು ಪಾಲಿನಿಂದ ಶುರುಮಾಡಿ, ರುಚಿ ನೋಡಿ ಏರಿಸಬೇಕು. ಉಪ್ಸಾರಿನಲ್ಲಿ ಇದಕ್ಕೊಂದು ಅನುಕೂಲವಿದೆ: ಬಸ್ಸಾರಿನಂತೆ ರುಬ್ಬಿದ ಮಸಾಲೆಯನ್ನು ಕಟ್ಟಿಗೆ ಕೂಡಿಸಿ ಕುದಿಸುವುದಿಲ್ಲ, ಖಾರವನ್ನು ಎಲೆಯ ಮೂಲೆಗೆ ಬೇರೆಯಾಗಿ ಬಡಿಸುತ್ತೇವೆ, ಉಣ್ಣುವವರು ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಹೊರಗಿನವರು ಹೆಚ್ಚಿರುವ ಊಟಕ್ಕೆ ನಾನು ಬಸ್ಸಾರಿಗಿಂತ ಉಪ್ಸಾರನ್ನು ಆರಿಸುವುದು ಇದಕ್ಕಾಗಿಯೇ. ತಲೆಗೆ ಕಾಲು ಲೀಟರಿನಂತೆ 12ರಿಂದ 13 ಲೀಟರ್ ಕಟ್ಟು ಬೇಕಾಗುತ್ತದೆ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು.

ಮುದ್ದೆಗೆ 5 ಕಿಲೋ ಹಿಟ್ಟು ಸಾಕು. 1 ಕಿಲೋ ಹಿಟ್ಟಿಗೆ ಎರಡೂವರೆಯಿಂದ ಮೂರು ಲೀಟರ್ ನೀರು ಹಿಡಿಸಿ ಮಧ್ಯಮ ಗಾತ್ರದ 10ರಿಂದ 12 ಮುದ್ದೆ ಬರುತ್ತದೆ. ಹೊಸ ರಾಗಿಗೂ ಹಳೆ ರಾಗಿಗೂ ನೀರಿನ ವ್ಯತ್ಯಾಸ ಇರುವುದರಿಂದ ಆ ದಿನದ ಹಿಟ್ಟಿನಲ್ಲೇ ಮೊದಲು ಒಂದು ಮುದ್ದೆ ಮಾಡಿ ನೋಡಬೇಕು. ಒಂದು ಪಾತ್ರೆಗೆ ಒಂದೂವರೆ ಕಿಲೋ ಹಿಟ್ಟಿಗಿಂತ ಹೆಚ್ಚು ಹಾಕಬೇಡಿ. ಅದಕ್ಕಿಂತ ಹೆಚ್ಚಾದರೆ ತೊಳಸುವವರ ತೋಳು ಸೋಲುತ್ತದೆ, ತಳದಲ್ಲಿ ಗಂಟು ಉಳಿಯುತ್ತದೆ. ದಪ್ಪ ತಳದ ಎರಡು ಪಾತ್ರೆ, ಎರಡು ಹಿಟ್ಟಿನ ಕೋಲು, ಪಾತ್ರೆ ಅಲುಗದಂತೆ ಒತ್ತಿಹಿಡಿಯಲು ಕವೆಕೋಲು, ಒದ್ದೆ ಮಾಡಿದ ಮರದ ಹಲಗೆ, ಪಕ್ಕದಲ್ಲಿ ಬೋಗುಣಿಯಲ್ಲಿ ತಣ್ಣೀರು: ಇಷ್ಟು ಸಿದ್ಧವಿರಲಿ.

ಎಸರಿಗೆ ಚಿಟಿಕೆ ಉಪ್ಪು ಹಾಕಿ, ನೀರಿನಲ್ಲಿ ಕದಡಿದ ಎರಡು ಚಮಚ ಹಿಟ್ಟನ್ನು ಬೆರೆಸಿ. ಅದು ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಆಗಲೇ ಕಲಕಬೇಡಿ. ಗುಡ್ಡೆಯ ನಡುವೆ ಕೋಲಿನಿಂದ ತೂತು ಮಾಡಿ, ಎಸರು ಮೇಲೆದ್ದು ಹಿಟ್ಟಿನ ಮೇಲೆ ಹರಿಯುತ್ತ ಎಂಟು ಹತ್ತು ನಿಮಿಷ ಬೇಯಲಿ. ಇಲ್ಲಿ ಆತುರಪಟ್ಟರೆ ಮುದ್ದೆ ಹಸಿಹಸಿಯಾಗುತ್ತದೆ. ಆಮೇಲೆ ಉರಿ ತಗ್ಗಿಸಿ, ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸಿ, ಮುಚ್ಚಳ ಹಾಕಿ ಎರಡು ಮೂರು ನಿಮಿಷ ಹಬೆಯಲ್ಲಿ ಬಿಡಿ. ಒದ್ದೆ ಬೆರಳಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಹಲಗೆಗೆ ಇಳಿಸಿ, ತಣ್ಣೀರು ಮುಟ್ಟಿದ ಅಂಗೈಯಲ್ಲಿ ಬಿಸಿಯಾಗಿರುವಾಗಲೇ ಉರುಳಿಸಿ ಕಟ್ಟಬೇಕು. ಉರುಳಿಸುವಾಗ ಬಿರುಕು ಬಿಟ್ಟರೆ ನೀರು ಕಡಿಮೆಯಾಗಿದೆ ಅಥವಾ ಹಿಟ್ಟು ಆರಿದೆ. ತಟ್ಟೆಯಲ್ಲಿಟ್ಟಾಗ ಕುಸಿದು ಅಗಲವಾದರೆ ನೀರು ಹೆಚ್ಚಾಗಿದೆ.

ಹಂತ 6: ಎಲೆ ಹಾಕುವ ಹೊತ್ತಿನಿಂದ ಹಿಂದಕ್ಕೆ ವೇಳಾಪಟ್ಟಿ ಬರೆಯಿರಿ

ಮುದ್ದೆ 1 ಗಂಟೆ 5 ನಿಮಿಷಕ್ಕೆ ಎಲೆಗೆ ಬೀಳಬೇಕೆಂದು ಇಟ್ಟುಕೊಳ್ಳಿ. ಹಾಡಿನ ಕಾರ್ಯಕ್ರಮ 12ಕ್ಕೆ ಶುರುವಾಗಿ 12.50ರ ಹೊತ್ತಿಗೆ ಮುಗಿಯಬೇಕು. ಎಸರನ್ನು 12.20ಕ್ಕೆ ಒಲೆಗಿಡಿ, ಆದರೆ ಹಿಟ್ಟು ಸುರಿಯುವುದು ಕಡೆಯ ಹಾಡು ಶುರುವಾದ ಮೇಲೆಯೇ, ಅಂದರೆ ಸುಮಾರು 12.40ಕ್ಕೆ. ಎಸರು ಎಷ್ಟು ಹೊತ್ತಾದರೂ ಕಾಯುತ್ತದೆ, ಇಂಗಿದಷ್ಟು ಬಿಸಿನೀರು ತುಂಬಿದರೆ ಆಯಿತು. ಹಿಟ್ಟು ಬಿದ್ದ ಮೇಲೆ ನಿಲ್ಲಿಸಲು ಬರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಬ್ಬರು ನಿಂತು, ಕಡೆಯ ಹಾಡಿನ ಮೊದಲ ಸಾಲಿಗೆ ಒಳಗೆ ಸನ್ನೆ ಮಾಡಬೇಕು. ಗಣ್ಯರು ತಡವಾಗಿ ಬಂದು ಭಾಷಣ ಬೆಳೆದರೆ ಸನ್ನೆಯೂ ತಡವಾಗುತ್ತದೆ, ಊಟ ಕೆಡುವುದಿಲ್ಲ.

12.55ಕ್ಕೆ ಎಲೆ ಹಾಕಿ, ಉಪ್ಪು, ಖಾರ, ಪಲ್ಯ, ಬಟ್ಟಲಲ್ಲಿ ಸಾರು ಬಡಿಸಿ, ಕಡೆಗೆ ಮುದ್ದೆ ತನ್ನಿ. 50 ಜನರನ್ನು 25ರಂತೆ ಎರಡು ಪಂಕ್ತಿ ಮಾಡಿದರೆ ಎರಡೂ ಪಂಕ್ತಿಗೆ ಹೊಸ ಮುದ್ದೆ ಸಿಗುತ್ತದೆ. ಮೊದಲ ಪಂಕ್ತಿಗೆ ಬಡಿಸಿದ ಹದಿನೈದು ನಿಮಿಷಕ್ಕೆ ಎರಡನೆಯದರ ಹಿಟ್ಟು ಸುರಿಯಿರಿ. ಕಾಯುವ ಪಂಕ್ತಿಯವರಿಗೆ ಚಿತ್ರಗಳನ್ನು ನೋಡಲು, ಕಲ್ಲಿನಲ್ಲಿ ಒಂದು ಹಿಡಿ ರಾಗಿ ಬೀಸಿ ನೋಡಲು ಅವಕಾಶ ಮಾಡಿಕೊಟ್ಟರೆ ಬೇಸರವಾಗುವುದಿಲ್ಲ.

ಹಾಡುವವರು ಕೂರುವ ಕಡೆಗೆ ಅಡುಗೆಮನೆಯ ಗಾಳಿ ಬೀಸಬಾರದು. ಒಣಮೆಣಸಿನಕಾಯಿಯ ಒಗ್ಗರಣೆ ಘಾಟು ಗಂಟಲಿಗೆ ಹತ್ತಿದರೆ ಹಾಡು ಅಲ್ಲಿಗೇ ನಿಲ್ಲುತ್ತದೆ. ಒಗ್ಗರಣೆ, ಹುರಿಯುವ ಕೆಲಸಗಳನ್ನೆಲ್ಲ 12ರೊಳಗೆ ಮುಗಿಸಿ. ಕಲಾವಿದರಿಗೆ 11 ಗಂಟೆಯ ಹೊತ್ತಿಗೆ ಹಗುರವಾಗಿ ತಿನ್ನಲು ಕೊಡಿ, ಮೊದಲ ಪಂಕ್ತಿಯಲ್ಲೇ ಅವರನ್ನೂ ಕೂರಿಸಿ.

ಹಂತ 7: ಸುರಕ್ಷತೆಯ ವಿಷಯಗಳು

ದುಡ್ಡು ಪಡೆದು ಬಡಿಸುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇರಬೇಕು. ಸಾರು ಬಡಿಸುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಲಿ. ಕಡ್ಡಿಯ ಥರ್ಮಾಮೀಟರ್ ಕೊಂಡಿಟ್ಟುಕೊಳ್ಳಿ. ಕಾಯಿಹಾಲು, ಕಾಯಿ ಚಟ್ನಿಯಂಥವನ್ನು ಕಡೆಯ ಗಂಟೆಯಲ್ಲಿ ರುಬ್ಬಿ; ಎರಡು ಗಂಟೆ ಹೊರಗಿದ್ದದ್ದನ್ನು ಬಡಿಸಬೇಡಿ. ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಯಾವುದರಲ್ಲಿದೆ ಎಂಬುದನ್ನು ಊಟದ ಪಟ್ಟಿಯಲ್ಲೇ ಬರೆಯಿರಿ, ಏಕೆಂದರೆ ಅಲರ್ಜಿ ಇರುವ ಹೊರಗಿನವರಿಗೆ ಪುಳಿಯೋಗರೆಯಲ್ಲಿ ಇಂಥವು ಇರಬಹುದೆಂದು ತಿಳಿದಿರುವುದಿಲ್ಲ.

ಹಂತ 8: ಎಲೆಯ ಮುಂದೆ ಹೇಳುವ ಮಾತು

ಪ್ರತಿ ಅಡುಗೆಗೂ ಎರಡು ವಾಕ್ಯ ಸಾಕು: ಇದನ್ನು ಯಾರಿಂದ ಕಲಿತೆವು, ಧಾನ್ಯ ಯಾವ ಊರಿನದು. ಮೈಸೂರಿನಲ್ಲಿ ಎಲ್ಲ ಅಡುಗೆಗೂ ‘ಅರಮನೆಯ ಅಡುಗೆ’ ಎಂಬ ಹೆಸರು ಅಂಟಿಸುವ ಅಭ್ಯಾಸ ಬೆಳೆದಿದೆ. ಆಧಾರವಿಲ್ಲದೆ ಅದನ್ನು ಹೇಳಬೇಡಿ. ಹೊಲದಲ್ಲಿ ದುಡಿದವರ ಉಪ್ಸಾರನ್ನು ದೊರೆಗಳ ಹೆಸರಿಗೆ ಬರೆದರೆ ಅದನ್ನು ಉಳಿಸಿಕೊಂಡು ಬಂದ ಮನೆಗಳಿಗೆ ಅನ್ಯಾಯವಾಗುತ್ತದೆ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಹಿರಿಯರೊಬ್ಬರು ಕೂತು ಉಂಡು ತೋರಿಸಲಿ. ಮೊದಲ ಸಲ ತಿನ್ನುವವರಿಗೆ ನೆಲ್ಲಿಕಾಯಿ ಗಾತ್ರಕ್ಕಿಂತ ದೊಡ್ಡ ತುತ್ತು ಬೇಡವೆಂದು ಹೇಳಿ, ಅಗಿದು ತಿನ್ನುತ್ತೇವೆ ಎನ್ನುವವರನ್ನು ತಡೆಯಬೇಡಿ.

ಹಂತ 9: ಊಟ ಮುಗಿದ ದಿನವೇ ಮಾಡಬೇಕಾದ ಕೆಲಸ

ಉಳಿದ ಸಂಭಾವನೆಯನ್ನು ಕಲಾವಿದರು ವಾಹನ ಹತ್ತುವ ಮುನ್ನ ಕೊಡಿ. ಎಷ್ಟು ಹಿಟ್ಟು ಮುಗಿಯಿತು, ಎಷ್ಟು ಸಾರು ಉಳಿಯಿತು, ಎರಡನೆಯ ಮುದ್ದೆ ಕೇಳಿದವರು ಎಷ್ಟು ಜನ ಎಂಬುದನ್ನು ಅಂದೇ ಸಂಜೆ ಬರೆದಿಡಿ. ಮುಂದಿನ ಊಟದ ಅಳತೆ ಸಿಗುವುದು ಅದರಿಂದಲೇ. ಕಡೆಯದಾಗಿ, ಎರಡನೆಯ ಹಂತದಲ್ಲಿ ತೂಗಿ ಬರೆದುಕೊಂಡ ಅಳತೆಯನ್ನು ದೊಡ್ಡ ಅಕ್ಷರದಲ್ಲಿ ಒಪ್ಪವಾಗಿ ಬರೆಸಿ, ಕಲಿಸಿದವರ ಹೆಸರನ್ನು ಮೇಲೆ ಹಾಕಿ, ಒಂದು ಪ್ರತಿಯನ್ನು ಅವರ ಮನೆಗೆ ತಲುಪಿಸಿ. ಅದರಲ್ಲಿ ತಪ್ಪಿದ್ದರೆ ಓದಿ ಕೇಳಿದ ಕೂಡಲೇ ಅವರೇ ಹೇಳುತ್ತಾರೆ. ಆ ತಿದ್ದುಪಡಿಯನ್ನು ನಿಮ್ಮ ಪ್ರತಿಯಲ್ಲೂ ಬರೆದುಕೊಳ್ಳಿ.